ವೆಬ್‌ಸೈಟ್ ಮಾರಿದೆ, ಕಡೇ ಕಂತು ಬರವಲ್ದು. ಡೊಮೇನ್ ಇನ್ನೂ ನನ್ನ ಕೈಯಾಗೈತಿ, ಏನ್ ಮಾಡ್ಲಿ?

ನವನಗರದಾಂವ · ಮೇ 27, ರಾತ್ರಿ 10:12

ಎಲ್ಲಾರಿಗೂ ನಮಸ್ಕಾರ್ರಿ. ಉದ್ದ ಐತಿ, ಬ್ಯಾಸರ ಮಾಡ್ಕೋಬ್ಯಾಡ್ರಿ.

ನಾ ಬಾಗಲಕೋಟಿ ನವನಗರದಾಂವ. ಎಸ್ಸೆಸ್ಸೆಲ್ಸಿ, ಪಿಯುಸಿ ಹುಡುಗರಿಗೆ ಕನ್ನಡ ಮಾಧ್ಯಮದ ನೋಟ್ಸು, ಹಳೇ ಪ್ರಶ್ನೆಪತ್ರಿಕೆ, ಮಾದರಿ ಉತ್ತರ ಹಾಕೂ ಒಂದು ಸೈಟ್ ಐದು ವರ್ಷ ನಡಸಿದೆ. ಮೊದಲ ಒಂದೂವರಿ ವರ್ಷ ಒಂದು ರೂಪಾಯಿ ಕಾಣಲಿಲ್ಲ. ಆಮ್ಯಾಲೆ ಜಾಹೀರಾತಿಂದ ಸಣ್ಣಗ ಶುರುವಾತು. ಈಗ ನೌಕರಿ ಬದಲಾಗಿ ವ್ಯಾಳ್ಯಾ ಸಿಗವಲ್ದು ಅಂತ ಮಾರ್ಚ್‌ನ್ಯಾಗ ಮಾರಿದೆ. ತಗೊಂಡವರು ವಿಜಯಪುರದವರು, ನನಗಿಂತ ಹಿರೇರು. ಸೈಟ್ ತಗೊಳ್ಳೂದು ಅವರಿಗೆ ಇದ ಮೊದಲು.

ಮಾತಾಗಿದ್ದು 2,40,000 ರೂಪಾಯಿ. 1,40,000 ನೆಫ್ಟ್ ಮಾಡಿದ್ರು. ಉಳಿದ 1,00,000ಕ್ಕ ಮೇ 20ರ ತಾರೀಖು ಹಾಕಿ ಚೆಕ್ ಕೊಟ್ರು. ಸ್ಟಾಂಪ್ ಪೇಪರ್ ಕರಾರು ಇಲ್ಲ. ವಾಟ್ಸಾಪ್ ಮಾತು, ಎರಡು ಇಮೇಲು, ಅಷ್ಟ. ಮಾರ್ಚ್ 22ಕ್ಕ ಸೈಟಿನ ಫೈಲು, ವರ್ಡ್‌ಪ್ರೆಸ್ ಲಾಗಿನ್, ಫೇಸ್‌ಬುಕ್ ಪೇಜು ಎಲ್ಲಾ ಕೊಟ್ಟೆ. ಡಾಟ್ ಇನ್ ಡೊಮೇನ್ (ಸೈಟಿನ ವಿಳಾಸದ ಹೆಸರು) ಮಾತ್ರ ಕಡೇ ಕಂತು ಬಂದ ಮ್ಯಾಲೆ ವರ್ಗ ಮಾಡೂದು ಅಂತ ಮಾತಾಗಿತ್ತು. ನೇಮ್‌ಸರ್ವರ್ (ಆ ಹೆಸರು ಒತ್ತಿದ್ರ ಎಲ್ಲಿಗೆ ಹೋಗಬೇಕಂತ ತೋರಿಸೂದು) ಅವರ ಹೋಸ್ಟಿಂಗ್ ಕಡೆ ತಿರುಗಿಸಿ ಕೊಟ್ಟೀನಿ.

ಮೇ 18ಕ್ಕ ಫೋನ್ ಬಂತು. "ಚೆಕ್ ಹಾಕಬ್ಯಾಡ. ಏಪ್ರಿಲ್‌ನ್ಯಾಗ ಸೊನ್ನೆ, ಈ ತಿಂಗಳು ಸಾವಿರ ರೂಪಾಯಿ ದಾಟಿಲ್ಲ. ನನಗ ಮೋಸ ಮಾಡಿದಿ. ನನ್ನ 1,40,000 ತಿರುಗಿ ಕೊಡು, ನಿನ್ನ ಸೈಟ್ ನೀನ ಇಟ್ಕೊ. ಇಲ್ಲಂದ್ರ ಪೊಲೀಸ್ ಕಂಪ್ಲೇಂಟ್ ಕೊಡ್ತೀನಿ" ಅಂದ್ರು. ನಾ ಒಂದೂ ಸುಳ್ಳು ಹೇಳಿಲ್ರಿ. ಡಿಸೆಂಬರ್ 9,000, ಜನವರಿ 14,000, ಫೆಬ್ರವರಿ 21,000, ಮೂರೂ ತಿಂಗಳ ಸ್ಕ್ರೀನ್‌ಶಾಟ್ ಕಳಿಸಿದ್ದೆ. ಮೂರೂ ಖರೇನ.

ಚೆಕ್ ಹಾಕ್ಲ್ಯಾ? ಡೊಮೇನ್ ತಡದು ಸೈಟ್ ಬಂದ್ ಮಾಡ್ಲ್ಯಾ? ಪೊಲೀಸ್ ಅಂದದ್ದಕ್ಕ ಅವತ್ತಿಂದ ನಿದ್ದಿ ಇಲ್ಲ.

ಖಡೇಬಜಾರ್ ಕಿಂಗ್ · ಮೇ 27, ರಾತ್ರಿ 10:31

ಇದರಾಗ ಕೇಳೂದೇನೈತಿ? ಡೊಮೇನ್ ನಿನ್ನ ಹೆಸರಲೆ ಐತಿ ಅಂದ್ರ ಲಗಾಮು ನಿನ್ನ ಕೈಯಾಗೈತಿ. ಇವತ್ತ ರಾತ್ರಿ ನೇಮ್‌ಸರ್ವರ್ ಬದಲಿ ಮಾಡು. ಮುಂಜಾನೆ ಎದ್ದು ಸೈಟ್ ಕಾಣಲಿಲ್ಲಂದ್ರ ತಾನ ಫೋನ್ ಮಾಡ್ತಾನ. ನಾ ಬೆಳಗಾವಿಯಾಗ ಒಂದು ಅಂಗಡಿ ಸೈಟ್ ಮಾಡಿ ಕೊಟ್ಟಾಗ ಹಿಂಗ ಮಾಡಿ ಎರಡ ತಾಸಿನ್ಯಾಗ ವಸೂಲ್ ಮಾಡೀನಿ.

ಕರಿಕೋಟು · ಮೇ 27, ರಾತ್ರಿ 11:05

ದಯವಿಟ್ಟು ಹಾಗೆ ಮಾಡಬೇಡಿ. ನಾನು ಬೆಳಗಾವಿಯಲ್ಲಿ ವಕೀಲಿ ಮಾಡುತ್ತೇನೆ. ಇಂಥ ಜಗಳಗಳಲ್ಲಿ ರೊಕ್ಕ ಬರಬೇಕಾದವರೇ ಆತುರಕ್ಕೆ ಬಿದ್ದು ಆರೋಪಿಯಾಗಿದ್ದನ್ನು ನೋಡಿದ್ದೇನೆ.

ಮೊದಲು ಒಂದು ಮಾತು. ಹಳೆಯ ಅಡ್ಮಿನ್ ಪಾಸ್‌ವರ್ಡ್ ಇನ್ನೂ ನಡೆಯುತ್ತಿದ್ದರೂ ಅದರೊಳಗೆ ಕಾಲಿಡಬೇಡಿ. ಒಪ್ಪಿಸಿಕೊಟ್ಟ ಸೈಟಿಗೆ ಅವರ ಅನುಮತಿ ಇಲ್ಲದೆ ಹೊಕ್ಕು ಏನಾದರೂ ಅಳಿಸಿದರೆ ಮಾಹಿತಿ ತಂತ್ರಜ್ಞಾನ ಕಾಯ್ದೆ 2000ರ ಕಲಂ 43 ಮತ್ತು 66 ನಿಮ್ಮ ಮೇಲೆ ಬರುತ್ತವೆ. ಮೂರು ವರ್ಷದವರೆಗೆ ಜೈಲು ಅಥವಾ ಐದು ಲಕ್ಷದವರೆಗೆ ದಂಡ, ಅಥವಾ ಎರಡೂ. ಡೊಮೇನ್ ವಿಷಯ ಬೇರೆ, ಅದು ನಿಮ್ಮ ಹೆಸರಿನಲ್ಲೇ ಇದೆ. ಆದರೆ ಅವರು ಅರ್ಧಕ್ಕಿಂತ ಹೆಚ್ಚು ಹಣ ಕೊಟ್ಟಿದ್ದಾರೆ. ನೀವು ಸೈಟ್ ಬಂದ್ ಮಾಡಿದ ದಿನದಿಂದ "ನನಗೆ ನಷ್ಟವಾಯಿತು" ಎನ್ನುವ ಲೆಕ್ಕ ಅವರ ಕಡೆ ಶುರುವಾಗುತ್ತದೆ. ಈಗ ಮಾತು ತಪ್ಪಿದವರು ಅವರು. ನಾಳೆ ಇಬ್ಬರೂ ಆಗುತ್ತೀರಿ.

ಕರಾರು ಇಲ್ಲ ಎಂದಿರಿ. ಇದೆ. ವಾಟ್ಸಾಪ್ ಮತ್ತು ಇಮೇಲ್‌ನಲ್ಲಿ ಬೆಲೆ, ಕಂತು, ತಾರೀಖು, ಡೊಮೇನ್ ಯಾವಾಗ ಎಂಬುದೆಲ್ಲ ಇದ್ದರೆ ಅದೇ ಕರಾರು. ಅದೇ ಕಾಯ್ದೆಯ 10ಎ ಕಲಂ ಅದನ್ನು ಒಪ್ಪುತ್ತದೆ. ಆ ಫೋನ್ ಮಾರಬೇಡಿ, ಫಾರ್ಮ್ಯಾಟ್ ಮಾಡಬೇಡಿ. ಚಾಟ್ ಎಕ್ಸ್‌ಪೋರ್ಟ್ ಮಾಡಿ ಇಟ್ಟುಕೊಳ್ಳಿ. ಮುಂದೆ ಕೋರ್ಟಿಗೆ ಹಾಜರುಪಡಿಸಬೇಕಾದರೆ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಕಲಂ ಪ್ರಕಾರ ಪ್ರಮಾಣಪತ್ರ ಬೇಕು. ಹಳೆಯ ಸಾಕ್ಷ್ಯ ಕಾಯ್ದೆಯಲ್ಲಿ 65ಬಿ ಅನ್ನುತ್ತಿದ್ದೆವಲ್ಲ, ಅದೇ. 2024ರ ಜುಲೈ 1ರಿಂದ ಹೊಸ ಕಾಯ್ದೆ.

ಪೊಲೀಸ್ ವಿಷಯಕ್ಕೆ ನಿದ್ದೆ ಕೆಡಿಸಿಕೊಳ್ಳಬೇಡಿ. ಇದು ಮೇಲ್ನೋಟಕ್ಕೆ ದಿವಾಣಿ (ಸಿವಿಲ್) ವ್ಯವಹಾರ. ಚೆಕ್ಕಿನ ಬಗ್ಗೆ ನಾಳೆ ಬರೆಯುತ್ತೇನೆ.

ದ್ರಾಕ್ಷಿ ಪಡಿ · ಮೇ 28, ಮುಂಜಾನೆ 6:50

ವಕೀಲರು ನಿದ್ದಿ ಕೆಡಿಸ್ಕೋಬ್ಯಾಡ ಅಂದ್ರು, ಆದ್ರ ನನ್ನ ಕಥಿ ಕೇಳ್ರಿ. ನಾವು ವಿಜಯಪುರ ಕಡೆಯವರು, ಮನೂಕ ವ್ಯಾಪಾರ. ಒಂದು ಹಳೇ ವ್ಯಾಪಾರದ ಸೈಟ್ ಇತ್ತು, ಬ್ಯಾರೆ ರಾಜ್ಯದ ಒಬ್ಬ 60,000ಕ್ಕ ತಗೊಂಡ. ರೊಕ್ಕ ಬಂದದ್ದು ಅವನ ಖಾತೆಯಿಂದ ಅಲ್ಲ, ಮತ್ಯಾರದೋ ಹೆಸರಿನ ಖಾತೆಯಿಂದ. "ನನ್ನ ಪಾರ್ಟನರ್" ಅಂದ. ನಾ ರೊಕ್ಕ ಬಂತಲ್ಲ ಅಂತ ಸುಮ್ಮಾದೆ. 20 ದಿನಕ್ಕ ನನ್ನ ಖಾತೆ ಫ್ರೀಜ್! ಯಾರದೋ ರೊಕ್ಕ ಸೈಬರ್ ಮೋಸದಾಗ ಹೋಗಿತ್ತಂತ, ಸೈಬರ್ ಸಹಾಯವಾಣಿ 1930ಕ್ಕ ದೂರು ಕೊಟ್ಟಾರ, ಆ ರೊಕ್ಕ ಹೋದ ಹಾದಿಯೊಳಗ ನನ್ನ ಖಾತೆನೂ ಬಂದದ. ಅದರಾಗ ಮನೂಕದ ರೊಕ್ಕನೂ ಇತ್ತು, ಹಮಾಲರಿಗೆ ಪಗಾರ ಕೊಡಾಕ ಗತಿ ಇಲ್ಲ.

ಬಿಡಿಸಾಕ ಎರಡ ತಿಂಗಳು ಹಿಡೀತು. ಆ ರಾಜ್ಯದ ತನಿಖಾಧಿಕಾರಿಗೆ ಮಾರಾಟದ ಇಮೇಲು, ಡೊಮೇನ್ ವರ್ಗ ಆದ ದಾಖಲಿ, ಗುರುತಿನ ಚೀಟಿ ಎಲ್ಲಾ ಕಳಿಸಿ, ಬ್ಯಾಂಕಿನವರ ಹಿಂದ ತಿರುಗಿ ತಿರುಗಿ ಸಾಕಾತು. ಇನ್ನ ಮ್ಯಾಲೆ ಯಾರ ಜೋಡಿ ಮಾತೋ ಅವರ ಖಾತೆಯಿಂದನ ರೊಕ್ಕ ಬರಬೇಕು, ಇಲ್ಲಂದ್ರ ಮುಟ್ಟೂದಿಲ್ಲ. ತಮ್ಮಾ, ನಿನಗ ನೆಫ್ಟ್ ಬಂದದ್ದು ಅವರ ಖಾತೆಯಿಂದನ ಏನು?

ನವನಗರದಾಂವ · ಮೇ 28, ಮುಂಜಾನೆ 8:20

ಹೌದ್ರಿ ಅಣ್ಣಾರ, ಅವರದ ಖಾತೆ, ಚೆಕ್ ಮ್ಯಾಲಿನ ಖಾತೆನೂ ಅದ. ವಕೀಲ್ ಸಾಹೇಬ್ರಿಗೆ ಧನ್ಯವಾದ. ನೇಮ್‌ಸರ್ವರ್ ಮುಟ್ಟಿಲ್ಲ.

ಕುಂದಾ ಪ್ರಿಯೆ · ಮೇ 28, ಮಧ್ಯಾಹ್ನ 1:15

ನೀವು ಎಷ್ಟೋ ಪಾಲು ಲಕ್ಕಿ ಅನ್ನಬೇಕು, ಕೊಂಡವರ ಮನೆ ಎರಡು ತಾಸಿನ ಹಾದಿ. ನನ್ನದು ಕಡಲಾಚೆಯ ಕಥೆ. ನಾನು ತಿಲಕವಾಡಿಯವಳು. ಇಂಗ್ಲಿಷ್‌ನಲ್ಲಿ ಹೊಲಿಗೆ, ಕಸೂತಿಯ ಒಂದು ಬ್ಲಾಗ್ ಇತ್ತು. ಕಸೂತಿ ಅಂದರೆ ಗೋಪುರ, ತೇರು, ಆನೆ ಹಾಕುವ ನಮ್ಮ ಕಸೂತಿ, ಇಳಕಲ್ ಸೀರೆಯ ಮೇಲಿನದು. ಹೊರದೇಶದವರೇ ಹೆಚ್ಚು ಓದುತ್ತಿದ್ದರು. ಒಬ್ಬ ವಿದೇಶಿ 1,800 ಡಾಲರಿಗೆ ತೆಗೆದುಕೊಂಡ, ಕಾರ್ಡ್ ಮೂಲಕ ಕೊಟ್ಟ. ನಾನು ಅದೇ ದಿನ ಡೊಮೇನ್ ವರ್ಗಾಯಿಸುವ ಕೋಡ್ ಸಮೇತ ಎಲ್ಲ ಕೊಟ್ಟುಬಿಟ್ಟೆ. ಒಂಬತ್ತು ವಾರದ ನಂತರ "ಈ ವ್ಯವಹಾರ ನಾನು ಮಾಡಿಲ್ಲ" ಎಂದು ಕಾರ್ಡಿನ ಮಾಲೀಕರು ಬ್ಯಾಂಕಿಗೆ ದೂರು ಕೊಟ್ಟರು. ಕಾರ್ಡ್ ಕದ್ದದ್ದೋ, ಆತನೇ ಆಟ ಕಟ್ಟಿದ್ದೋ, ದೇವರಿಗೇ ಗೊತ್ತು. ಹಣ ವಾಪಸ್ ಹೋಯಿತು. ಅಷ್ಟರಲ್ಲಿ ಡೊಮೇನ್ ಮತ್ತೊಬ್ಬರ ಹೆಸರಿಗೆ ಹೋಗಿತ್ತು. ಸೈಟೂ ಇಲ್ಲ, ರೊಕ್ಕವೂ ಇಲ್ಲ.

ಆಮೇಲೆ ಓದಿಕೊಂಡೆ. ಕಾರ್ಡ್ ಹಣ ಬಂತು ಅಂದರೆ ಬಂದಂತಲ್ಲ. ವೀಸಾ, ಮಾಸ್ಟರ್‌ಕಾರ್ಡ್ ವ್ಯವಹಾರಗಳಲ್ಲಿ ಹೆಚ್ಚಾಗಿ 120 ದಿನದವರೆಗೆ ತಕರಾರು ಎತ್ತಬಹುದು.

ನಾನೂರ ನಾಲ್ಕು · ಮೇ 28, ಸಂಜೆ 5:40

ಅಕ್ಕಾರು ಹೇಳಿದ್ದಕ್ಕೆ ಸ್ವಲ್ಪ ಸೇರಿಸುತ್ತೇನೆ. ಪೇಪಾಲ್‌ನಲ್ಲಿ ಕೊಂಡವರಿಗೆ 180 ದಿನ ಅವಕಾಶ. ಅವರು ತಕರಾರು ತೆರೆದ ಮೇಲೆ 20 ದಿನದೊಳಗೆ ಅದನ್ನು ಕ್ಲೈಮ್ ಆಗಿ ಏರಿಸದಿದ್ದರೆ ಅದು ತಾನೇ ಮುಚ್ಚುತ್ತದೆ. ಹಾಗಾಗಿ "ಮೊದಲು ತಕರಾರು ಮುಚ್ಚು, ಆಮೇಲೆ ಮಾತಾಡೋಣ" ಎಂದು ಮಾರುವವರು ಹೇಳುವುದುಂಟು, "ಮಾತಾಡುತ್ತಲೇ ಇರೋಣ" ಎಂದು ದಿನ ದೂಡುವುದೂ ಉಂಟು. ಒಳಗೊಳಗಿನ ದೇಶೀ ವ್ಯವಹಾರಕ್ಕೆ ಪೇಪಾಲ್ 2021ರ ಏಪ್ರಿಲ್‌ನಿಂದ ನಮ್ಮಲ್ಲಿ ಇಲ್ಲವೇ ಇಲ್ಲ, ಹೊರದೇಶದ ಹಣಕ್ಕೆ ಮಾತ್ರ.

ದೊಡ್ಡ ಮೊತ್ತ, ಪರದೇಶದ ಗಿರಾಕಿ ಅಂದರೆ ಎಸ್ಕ್ರೋ. ಕೊಳ್ಳುವವರ ಹಣ ನಡುವೆ ನಿಲ್ಲುತ್ತದೆ, ಸೈಟ್ ಕೈಗೆ ಬಂದು ಪರಿಶೀಲನೆಯ ದಿನಗಳು ಮುಗಿದ ಮೇಲೆ ಮಾರಿದವರಿಗೆ ಬಿಡುಗಡೆ. ಒಂದೇ ಎಚ್ಚರ: ಗಿರಾಕಿ ಕಳಿಸಿದ ಎಸ್ಕ್ರೋ ಕೊಂಡಿ ಒತ್ತಬೇಡಿ, ವಿಳಾಸ ನೀವೇ ಟೈಪ್ ಮಾಡಿ ಹೋಗಿ. ಅಚ್ಚು ಹೊಡೆದಂತಿರುವ ನಕಲಿ ಎಸ್ಕ್ರೋ ಸೈಟುಗಳು ಬೇಕಾದಷ್ಟಿವೆ.

ಈಗ ನವನಗರದವರ ವಿಷಯ. ಏಪ್ರಿಲ್‌ನಲ್ಲಿ ಸೊನ್ನೆ ಅಂದರಂತೆ. ಕಡಿಮೆ ಅಲ್ಲ, ಸೊನ್ನೆ. ಪರೀಕ್ಷೆ ಮುಗಿದರೂ ಸೊನ್ನೆ ಆಗುವುದು ಹೇಗೆ? ಎರಡು ಪ್ರಶ್ನೆ. ಜಾಹೀರಾತು ಖಾತೆ ಯಾರದು? ಸೈಟ್ ಕೊಟ್ಟ ಮೇಲೆ ಅವರು ಥೀಮ್ ಅಥವಾ ಪುಟಗಳ ವಿಳಾಸ ಬದಲಿಸಿದ್ದಾರಾ?

ಸಂತಿ ಕಾಕಾ · ಮೇ 28, ರಾತ್ರಿ 9:02

ನನಗ ನಿಮ್ಮ ನೇಮ್‌ಸರ್ವರ್ ಗೊತ್ತಿಲ್ಲ. ನಾ ಎಮ್ಮಿ ವ್ಯಾಪಾರ ಮಾಡಿದಾಂವ, ಮಗನ ಫೋನ್‌ನ್ಯಾಗ ಇದನ್ನ ಓದಾಕತ್ತೀನಿ. ಒಂದ ಮಾತ ಕೇಳ್ತೀನಿ ತಮ್ಮಾ, ಸಿಟ್ಟಾಗಬ್ಯಾಡ.

ಸಂತಿಗೆ ಎಮ್ಮಿ ಹೊಡಕೊಂಡು ಹೋಗೂ ಮುಂದ ಹಿಂದಿನ ಸಂಜಿ ಹಾಲ ಹಿಂಡೂದಿಲ್ಲ, ಮುಂಜಾನೆನೂ ಹಿಂಡೂದಿಲ್ಲ. ಕೆಚ್ಚಲ ಬಿಗದು ಕೊಡದಂಗ ಕಾಣ್ತೈತಿ. ತಗೊಳ್ಳಾಂವ ನೋಡಿ ಖುಷಿ ಪಡ್ತಾನ. ಸುಳ್ಳ ಹೇಳಿಲ್ಲ, ಹಾಲ ಅದರದ. ಆದ್ರ ಅದು ಎರಡ ಹೊತ್ತಿನ ಹಾಲು. ನೀ ತೋರಿಸಿದ ಮೂರ ತಿಂಗಳ ಸ್ಕ್ರೀನ್‌ಶಾಟ ಅಂಥಾ ಕೆಚ್ಚಲ ಅಲ್ಲೇನು? ಪರೀಕ್ಷಾ ಮುಂದ ಹುಡುಗರು ಓದ್ತಾವು. ಮೇ ತಿಂಗಳದಾಗ ಯಾವ ಹುಡುಗ ನೋಟ್ಸ್ ಹುಡಕ್ತೈತಿ? ಬರೇ ಆ ಮೂರ ತಿಂಗಳ ಯಾಕ ಕಳಿಸಿದಿ? ಹನ್ನೆರಡೂ ತಿಂಗಳ ಲೆಕ್ಕ ಇಲ್ಲಿ ಹಾಕು, ನೋಡೂಣು.

ಖಡೇಬಜಾರ್ ಕಿಂಗ್ · ಮೇ 28, ರಾತ್ರಿ 9:10

ಕಾಕಾ ಒಂದ ಹೊಡತಕ್ಕ ಎಲ್ಲಾ ವಕೀಲಕಿ ಮುಗಿಸಿಬಿಟ್ರು 🙏

ನವನಗರದಾಂವ · ಮೇ 28, ರಾತ್ರಿ 11:48

ಕಾಕಾ, ಸಿಟ್ಟಿಲ್ರಿ. ಓದಿ ಒಂದ ತಾಸು ಸುಮ್ಮ ಕುಂತಿದ್ದೆ.

ಮಾರಾಟಕ್ಕ ಮೊದಲಿನ ಹನ್ನೆರಡು ತಿಂಗಳು ಹಿಂಗೈತಿ: ಹೋದ ವರ್ಷ ಮಾರ್ಚ್ 17,000, ಏಪ್ರಿಲ್ 5,000, ಮೇ 2,000, ಜೂನ್ 3,500, ಜುಲೈ 4,000, ಆಗಸ್ಟ್ 4,500, ಸೆಪ್ಟೆಂಬರ್ 7,000, ಅಕ್ಟೋಬರ್ 4,000, ನವೆಂಬರ್ 5,000, ಆಮ್ಯಾಲೆ ಆ 9, 14, 21 ಸಾವಿರ. ಒಟ್ಟು 96,000.

ಯಾಕ ಮೂರ ತಿಂಗಳ ಕಳಿಸಿದಿ ಅಂದ್ರಿ. ಅವರು "ಇತ್ತೀಚಿಂದು ಕಳಸು" ಅಂದಿದ್ರು, ಕಳಿಸಿದೆ. ಅದು ಬಾಯಿ ಮಾತಿನ ಉತ್ತರ. ಒಳಗಿನ ಉತ್ತರ ಅಂದ್ರ, ಮೇ ತಿಂಗಳ 2,000 ತೋರಿಸಿದ್ರ ಬೆಲಿ ಮುರೀತಾರ ಅಂತ ನನಗ ಗೊತ್ತಿತ್ತು.

ನಾನೂರ ನಾಲ್ಕು ಅವರ ಪ್ರಶ್ನೆಗೆ: ಆಡ್‌ಸೆನ್ಸ್ (ಗೂಗಲ್ ಜಾಹೀರಾತಿನ) ಖಾತೆ ನಂದ, ಅದನ್ನ ಇನ್ನೊಬ್ಬರಿಗೆ ವರ್ಗ ಮಾಡಾಕ ಬರೂದಿಲ್ಲ ಅಂತ ಮೊದಲ ಇಮೇಲ್‌ನ್ಯಾಗ ಬರದಿದ್ದೆ. ಅವರು ಹೊಸಾ ಖಾತೆ ಮಾಡಿ ಅರ್ಜಿ ಹಾಕಿ ಒಪ್ಪಿಗಿ ಬರೂದ್ರಾಗ ಮೇ ಮೊದಲ ವಾರ ಆಗೇತಿ. ಅಂದ್ರ ಏಪ್ರಿಲ್ ಪೂರ್ತಿ ಜಾಹೀರಾತ ಇರಲಿಲ್ಲ. ಪುಟದ ವಿಳಾಸ ನಾಳೆ ನೋಡ್ತೀನಿ.

ನಾನೂರ ನಾಲ್ಕು · ಮೇ 29, ಮುಂಜಾನೆ 9:30

ಲೆಕ್ಕ ಮಾಡಿದೆ. 96,000ಕ್ಕೆ ತಿಂಗಳ ಸರಾಸರಿ 8,000. 2,40,000 ಅಂದರೆ 30 ತಿಂಗಳ ಗಳಿಕೆ. ಇಂಥ ಸಣ್ಣ ಸೈಟಿಗೆ ಇದು ಬಾಯಿಗೆ ಬಂದ ಬೆಲೆಯಲ್ಲ, ಮಾರುಕಟ್ಟೆಯ ಒಳಗಿನದೇ. ಆದರೆ ಕೊಂಡವರ ತಲೆಯಲ್ಲಿ ಇದ್ದ ಲೆಕ್ಕ ಇದಲ್ಲ. ನೀವು ತೋರಿಸಿದ ಮೂರು ತಿಂಗಳ ಸರಾಸರಿ 14,667. ಆ ಲೆಕ್ಕದಲ್ಲಿ 16 ತಿಂಗಳು ಚಿಲ್ಲರೆಗೆ ಅಸಲು ತಿರುಗಿ ಬರುತ್ತದೆ ಅಂದುಕೊಂಡಿರುತ್ತಾರೆ. ಬೆಲೆ ಸರಿ ಇತ್ತು, ಚಿತ್ರ ಸರಿ ಇರಲಿಲ್ಲ. ಇಬ್ಬರಿಗೂ ನಾನೇ ಸರಿ ಅನ್ನಿಸುತ್ತಿರುವುದು ಅದಕ್ಕೇ.

ಸೈಟಿನ ಹಳೆಯ ರೂಪ ನೋಡಲು ವೇಬ್ಯಾಕ್ ಮಷೀನ್‌ನಲ್ಲಿ ಹುಡುಕಿ. ಫೆಬ್ರವರಿಯ ಪ್ರತಿ ಸಿಕ್ಕರೆ ಅದರೊಳಗಿನ ಕೊಂಡಿಗಳನ್ನು ಈಗಿನ ಸೈಟಿನಲ್ಲಿ ಒಂದೊಂದಾಗಿ ತೆರೆದು ನೋಡಿ. ಲಾಗಿನ್ ಬೇಕಿಲ್ಲ.

ಕರಿಕೋಟು · ಮೇ 29, ಸಂಜೆ 7:25

ಹೇಳಿದಂತೆ ಚೆಕ್ಕಿನ ವಿಷಯ. ತಾರೀಖು ಮೇ 20, ಅಲ್ಲಿಂದ ಮೂರು ತಿಂಗಳೊಳಗೆ ಬ್ಯಾಂಕಿಗೆ ಹಾಕಬೇಕು. ಆಗಸ್ಟ್ ಎರಡನೇ ವಾರ ದಾಟಿಸಬೇಡಿ. ವಾಪಸ್ ಬಂದರೆ ಬ್ಯಾಂಕ್ ಮೆಮೊ ಕೈಸೇರಿದ 30 ದಿನದೊಳಗೆ ಲಿಖಿತ ನೋಟಿಸು, ಅದು ಅವರಿಗೆ ಮುಟ್ಟಿದ ಮೇಲೆ ಕೊಡಲು 15 ದಿನ, ಕೊಡದಿದ್ದರೆ ಮುಂದಿನ ಒಂದು ತಿಂಗಳೊಳಗೆ ದೂರು. ಇದು ನೆಗೋಷಿಯಬಲ್ ಇನ್‌ಸ್ಟ್ರುಮೆಂಟ್ಸ್ ಕಾಯ್ದೆಯ ಕಲಂ 138. "ಸ್ಟಾಪ್ ಪೇಮೆಂಟ್" ಮಾಡಿಸಿದರೂ ತಪ್ಪಿಸಿಕೊಳ್ಳಲಾಗದು. ನಿಮ್ಮ ಖಾತೆ ಬಾಗಲಕೋಟೆ ಶಾಖೆಯಲ್ಲಿದ್ದರೆ ದೂರು ಬಾಗಲಕೋಟೆಯಲ್ಲೇ, ವಿಜಯಪುರಕ್ಕೆ ಅಲೆಯಬೇಕಿಲ್ಲ. ಎರಡು ವರ್ಷದವರೆಗೆ ಶಿಕ್ಷೆ ಅಥವಾ ಚೆಕ್ಕಿನ ಎರಡು ಪಟ್ಟಿನವರೆಗೆ ದಂಡ, ಅಥವಾ ಎರಡೂ. ಗಟ್ಟಿ ಅಸ್ತ್ರ. ಅಸ್ತ್ರ ಅಂದ ಮಾತ್ರಕ್ಕೆ ಇವತ್ತೇ ಬಿಡಬೇಕೆಂದಿಲ್ಲ.

ಈಗ "ಮೋಸ" ಎನ್ನುವ ಅವರ ಮಾತು. 1872ರ ಕರಾರು ಕಾಯ್ದೆಯಲ್ಲಿ ಬರೀ ಮೌನ ವಂಚನೆಯಲ್ಲ, ಮಾತಾಡಲೇಬೇಕಾದ ಹೊಣೆ ಇದ್ದಾಗ ಮಾತ್ರ ಮೌನವೂ ವಂಚನೆಯಾಗುತ್ತದೆ. ಮೂರು ತಿಂಗಳು ತೋರಿಸಿ ಒಂಬತ್ತು ಮುಚ್ಚಿಟ್ಟದ್ದು ಮೌನವೋ, ಮರೆಮಾಚಿದ್ದೋ? ಇಬ್ಬರು ವಕೀಲರು ಎರಡು ದಿನ ವಾದಿಸಬಹುದು. ಆದರೆ 19ನೇ ಕಲಮಿನಲ್ಲಿ ಒಂದು ಬಾಗಿಲಿದೆ. ಸಾಮಾನ್ಯ ಎಚ್ಚರದಿಂದ ಸತ್ಯ ತಿಳಿಯುವ ದಾರಿ ಕೊಂಡವರಿಗಿದ್ದರೆ, ಇಂಥ ಮೌನದ ಹೆಸರಿನಲ್ಲಿ ಅವರು ಕರಾರು ಮುರಿಯಲಾಗದು. ಅದಕ್ಕೇ ಕೇಳುತ್ತೇನೆ: ಮಾರಾಟಕ್ಕೆ ಮೊದಲು ಅವರಿಗೆ ಸೈಟಿನ ಅಂಕಿಅಂಶ ನೋಡುವ ಅವಕಾಶ ಕೊಟ್ಟಿದ್ದಿರಾ?

ನವನಗರದಾಂವ · ಮೇ 29, ರಾತ್ರಿ 10:55

ಕೊಟ್ಟಿದ್ದೆ! ಮಾರ್ಚ್ 12ಕ್ಕ ಗೂಗಲ್ ಅನಲಿಟಿಕ್ಸ್‌ನ್ಯಾಗ ಅವರ ಇಮೇಲ್ ಸೇರಿಸಿ ನೋಡೂ ಅನುಮತಿ ಕೊಟ್ಟಿದ್ದೆ. ಚೇಂಜ್ ಹಿಸ್ಟರಿಯೊಳಗ ತಾರೀಖು ಸಮೇತ ಐತಿ. ಹಿಂದಿನ ವರ್ಷದ ಏಪ್ರಿಲ್, ಮೇ ತಿಂಗಳದಾಗ ಓದುಗರು ಹೆಂಗ ಕುಸೀತಾರ ಅಂತ ಅಲ್ಲಿ ಕಣ್ಣಿಗೆ ಹೊಡದಂಗ ಕಾಣ್ತೈತಿ.

ಮತ್ತ, ನಾನೂರ ನಾಲ್ಕು ಅವರ ಅಂದಾಜು ಖರೆ ಆತು. ಥೀಮ್ ಬದಲಿ ಮಾಡಿ ಪುಟದ ವಿಳಾಸದ ರಚನಾನೂ ಬದಲಿ ಮಾಡ್ಯಾರ. ನನ್ನ ಕಾಲಕ್ಕ ವಿಳಾಸದಾಗ ತರಗತಿ, ವಿಷಯ ಇರತಿತ್ತು, ಈಗ ತಾರೀಖು ಹಾಕ್ಯಾರ. ಹಳೇ 40 ಕೊಂಡಿ ಒತ್ತಿದೆ, 31 ಸತ್ತಾವು. ಗೂಗಲ್‌ನ್ಯಾಗ ಐದು ವರ್ಷ ಬೇರು ಬಿಟ್ಟಿದ್ದ ಪುಟಗಳು.

ಖಡೇಬಜಾರ್ ಕಿಂಗ್ · ಮೇ 29, ರಾತ್ರಿ 11:03

ಹಂಗಾದ್ರ ಕೇಸ್ ನಿಂದ. ನಾಳೆ ಚೆಕ್ ಒಗಿ ಬ್ಯಾಂಕಿನ್ಯಾಗ.

ಸಂತಿ ಕಾಕಾ · ಮೇ 30, ಮುಂಜಾನೆ 5:45

ಕೇಸ್ ಗೆಲ್ಲಬಹುದು. ಹಿರೇ ಮನಷ್ಯಾ, ಮೊದಲನೇ ವ್ಯಾಪಾರ, ಅನಲಿಟಿಕ್ಸೋ ಏನೋ ತಗದು ನೋಡಾಕ ಬಂದಿರೂದಿಲ್ಲ. ಅವಂಗ ಕೊಂಡಿ ಸತ್ತದ್ದು ಗೊತ್ತೈತಿ ಏನ? ಗೊತ್ತಿಲ್ಲ ಅಂದ್ರ ಅವನ ಕಣ್ಣಾಗ ನೀನ ಎಮ್ಮಿಗೆ ಏನೋ ತಿನಿಸಿ ಕೊಟ್ಟಾಂವ. ಮೊದಲ ಹೋಗಿ ಹೇಳು.

ಗುಮ್ಮಟದ ನೆರಳು · ಮೇ 31, ಮಧ್ಯಾಹ್ನ 3:20

ನಾನು ಇದರೊಳಗಿನ ಆ "ಹಿರೇ ಮನಷ್ಯಾ". ನನ್ನ ಸೋದರಳಿಯ ಇದನ್ನ ತೋರಿಸಿದ. ಹೆಸರು ಹಾಕಿಲ್ಲ, ಊರು ಹಾಕ್ಯಾರ, ಚೆಕ್ಕಿನ ತಾರೀಖು ಹಾಕ್ಯಾರ, ಮತ್ತ್ಯಾರದು ಇದ್ದೀತು?

ಮೊದಲ ಓದಿ ಮೈಯೆಲ್ಲಾ ಉರೀತು. ಊರಮುಂದ ನನ್ನ ಲೆಕ್ಕ ಇಟ್ಟಾನಲ್ಲ ಅಂತ. ಆಮ್ಯಾಲೆ ರಾತ್ರಿ 11:48ಕ್ಕ ತಾ ಬರದದ್ದು ಓದಿದೆ. "ಬೆಲಿ ಮುರೀತಾರ ಅಂತ ನನಗ ಗೊತ್ತಿತ್ತು" ಅಂತ ಬರದಾನ. ಅದನ್ನ ಫೋನ್‌ನ್ಯಾಗ ನನಗ ಒಂದ ಸಲ ಹೇಳಿದ್ರ ನಾ ಪೊಲೀಸ್ ಅನ್ನೂ ಮಾತ ಎತ್ತತಿರಲಿಲ್ಲ.

ಆ ಅನಲಿಟಿಕ್ಸ್ ಇಮೇಲು ಬಂದದ, ಸುಳ್ಳಲ್ಲ. ತಗದು ನೋಡಿದೆ, ಗೆರಿ ಮ್ಯಾಲ ಕೆಳಗ ಹೋಗ್ಯದ, ಏನೂ ತಿಳೀಲಿಲ್ಲ, ಮುಚ್ಚಿದೆ. ವಿಳಾಸ ಬದಲಿ ಮಾಡಿದ್ದು ನಾ ಅಲ್ಲ, ಥೀಮ್ ಹಾಕಾಕ ಒಬ್ಬ ಹುಡುಗನಿಗೆ 6,000 ಕೊಟ್ಟಿದ್ದೆ, ಅಂವ "ಇದು ಚಂದ ಕಾಣ್ತದ" ಅಂದ. ಕೊಂಡಿ ಸಾಯ್ತಾವು ಅಂತ ಯಾರಿಗೆ ಗೊತ್ತದ? ನಿವೃತ್ತಿ ರೊಕ್ಕದಾಗಿಂದು ತಗದು ಹಾಕೀನಿ. ಮನ್ಯಾಗ ಇನ್ನೂ ಹೇಳಿಲ್ಲ.

ಬಾ, ಕುಂತು ಮಾತಾಡೂಣು. ಕೊಲ್ಹಾರ ಇಬ್ಬರಿಗೂ ನಡುವ ಬೀಳ್ತದ.

ಕರಿಕೋಟು · ಮೇ 31, ಸಂಜೆ 4:10

ಹೋಗಿ. ಅಲ್ಲಿ ಏನೇ ತೀರ್ಮಾನವಾದರೂ ಬರೆದು ಇಬ್ಬರೂ ಸಹಿ ಮಾಡಿ. ಹೊಂದಾಣಿಕೆ ಆಗಲಿಲ್ಲವೆಂದರೆ ನೇರ ದಾವೆಗೆ ಹೋಗುವ ಮೊದಲು ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರಕ್ಕೆ ಒಂದು ಅರ್ಜಿ ಕೊಡಿ, ದಾವೆಪೂರ್ವ ಪ್ರಕರಣವೆಂದು ಲೋಕ ಅದಾಲತ್‌ಗೆ ತೆಗೆದುಕೊಳ್ಳುತ್ತಾರೆ. ಶುಲ್ಕವಿಲ್ಲ. ಅಲ್ಲಿ ರಾಜಿಯಾದರೆ ಅದು ಕೋರ್ಟಿನ ಡಿಕ್ರಿಗೆ ಸಮ, ಮೇಲ್ಮನವಿಯೂ ಇಲ್ಲ. ಹಣ ವಸೂಲಿ ದಾವೆಗೆ ಮೂರು ವರ್ಷದ ಅವಧಿ ಇದೆ, ಅವಸರವೇನಿಲ್ಲ. ಅವಸರ ಇರುವುದು ಚೆಕ್ಕಿಗೆ ಮಾತ್ರ.

ಕುಂದಾ ಪ್ರಿಯೆ · ಮೇ 31, ಸಂಜೆ 6:00

ಹಿರಿಯರೇ, ನೀವೇ ಬಂದು ಬರೆದದ್ದಕ್ಕೆ ಸಮಾಧಾನವಾಯಿತು. ನನ್ನ ಗಿರಾಕಿಯ ಮುಖವನ್ನು ನಾನು ಇವತ್ತಿಗೂ ನೋಡಿಲ್ಲ.

ನವನಗರದಾಂವ · ಜೂನ್ 2, ರಾತ್ರಿ 9:35

ನಿನ್ನೆ ರವಿವಾರ ಹೋಗಿದ್ದೆ. ಕೊರ್ತಿ-ಕೊಲ್ಹಾರ ಸೇತುವೆ ದಾಟೂ ಮುಂದ ಹೊಟ್ಟ್ಯಾಗ ಕಲಸಿದಂಗ ಆಗಾಕತ್ತಿತ್ತು. ಅವರು ನನಗಿಂತ ಮೊದಲ ಬಂದು ಕುಂತಿದ್ರು. ಸೋದರಳಿಯನೂ ಇದ್ದ. ಮೊದಲ ಹತ್ತ ನಿಮಿಷ ಯಾರೂ ಸೈಟಿನ ಹೆಸರ ಎತ್ತಲಿಲ್ಲ, ಮಳಿ ಬೆಳಿ ಮಾತು. ಆಮ್ಯಾಲೆ ಮಣ್ಣಿನ ಗಡಿಗಿ ಮೊಸರು ಬಂತು, ರೊಟ್ಟಿ ಬಂತು, ನಾನ ಲ್ಯಾಪ್‌ಟಾಪ್ ತಗದೆ.

ಹನ್ನೆರಡ ತಿಂಗಳ ಲೆಕ್ಕ ಕಾಗದದ ಮ್ಯಾಲೆ ಬರದು ಕೊಟ್ಟೆ. ಕಾಕಾರ ಎಮ್ಮಿ ಮಾತು ಅವರ ಎತ್ತಿದ್ರು, ನಗೂನೂ ಬಂತು, ನಾಚಿಕಿನೂ ಆತು. ಸತ್ತ ಕೊಂಡಿ ಒಂದೊಂದ ಒತ್ತಿ ತೋರಿಸಿದೆ. ಅವರು ಸೋದರಳಿಯನ ಮಾರಿ ನೋಡಿದ್ರು, ಅಂವ ಮಾರಿ ಕೆಳಗ ಹಾಕಿದ. (6,000 ತಗೊಂಡ ಹುಡುಗ ಅವನ ಗೆಳ್ಯಾನ ಅಂತ.)

ಕಡೀಕ ತೀರ್ಮಾನ ಹಿಂಗ ಆತು. 1,00,000ದಾಗ 30,000 ನಾ ಬಿಟ್ಟೆ, ಅದು ನಾ ತೋರಿಸದ ಒಂಬತ್ತು ತಿಂಗಳದ್ದು ಅಂತ ನಾನ ಲೆಕ್ಕ ಹಾಕ್ಕೊಂಡೀನಿ. 30,000 ಅಲ್ಲೇ ನನ್ನ ಖಾತೆಗೆ ಹಾಕಿದ್ರು. ಉಳಿದ 40,000ಕ್ಕ ಜನವರಿ 10ರ ಹೊಸ ಚೆಕ್, ಅಷ್ಟೊತ್ತಿಗೆ ಸೀಜನ್ ಶುರುವಾಗಿರ್ತೈತಿ. ಚೆಕ್ ಪಾಸ್ ಆದ ದಿನ ಡೊಮೇನ್ ಅವರ ಖಾತೆಗೆ. ಇಬ್ಬರದೂ ಒಂದ ರಿಜಿಸ್ಟ್ರಾರ್ (ಡೊಮೇನ್ ನೋಂದಣಿ ಮಾಡೂ ಕಂಪನಿ) ಐತಿ, ಹಂಗಾಗಿ ಒಂದ ಖಾತೆಯಿಂದ ಇನ್ನೊಂದಕ್ಕ ದೂಡೂದು ಐದ ನಿಮಿಷದ ಕೆಲಸ. ಹಳೇ ವಿಳಾಸದಿಂದ ಹೊಸ ವಿಳಾಸಕ್ಕ 301 (ಕಾಯಂ) ತಿರುವು ನಾನ ಹಾಕಿ ಕೊಡೂದು, ಅವರು ಹೊಸ ಲಾಗಿನ್ ಕೊಟ್ಟು, ಕೆಲಸ ಮುಗಿದ ಮ್ಯಾಲೆ ತಗೀತಾರ. ಎಲ್ಲಾ ಬರದು ಸಹಿ ಮಾಡೀವಿ, ಸಾಕ್ಷಿ ಸೋದರಳಿಯ.

ಇನ್ನೊಂದು. ಈ ಗದ್ದಲದಾಗ ಯಾರೂ ನೋಡಿರಲಿಲ್ಲ, ಡೊಮೇನ್ ಜೂನ್ 11ಕ್ಕ ಮುಗೀತಿತ್ತು. ನೆನಪಿನ ಇಮೇಲು ನನಗ ಬರತಿದ್ದವು. ಸುಮ್ಮ ಬಿಟ್ಟಿದ್ರ ಇಬ್ಬರೂ ಬಡಿದಾಡಾಕ ಸೈಟ್ ಉಳೀತಿರಲಿಲ್ಲ. ಅಲ್ಲೇ ಕುಂತು ನಾನ ಎರಡ ವರ್ಷಕ್ಕ ನವೀಕರಣ ಮಾಡಿದೆ. ಅದಾದ ಮ್ಯಾಲ ಅವರ ದನಿ ಪೂರ್ತಿ ಬದಲಾತು ನೋಡ್ರಿ, 30,000 ಬಿಟ್ಟಾಗೂ ಅಷ್ಟ ಬದಲಾಗಿರಲಿಲ್ಲ.

ಖಡೇಬಜಾರ್ ಕಿಂಗ್ · ಜೂನ್ 2, ರಾತ್ರಿ 9:50

ಮತ್ತ ಜನವರಿ ಚೆಕ್! ನೀ ಸುಧಾರಿಸೂ ಪೈಕಿ ಅಲ್ಲ ಬಿಡು. ಮೊಸರ ಹೆಂಗಿತ್ತು?

ನಾನೂರ ನಾಲ್ಕು · ಜೂನ್ 3, ಮುಂಜಾನೆ 10:15

ತಿರುವು ಹಾಕುವಾಗ ಎಲ್ಲ ಹಳೆಯ ಪುಟಗಳನ್ನೂ ಮುಖಪುಟಕ್ಕೆ ಒಗೆಯಬೇಡಿ, ಗೂಗಲ್ ಅದನ್ನು ಲೆಕ್ಕಕ್ಕೇ ಹಿಡಿಯುವುದಿಲ್ಲ. ಪುಟಕ್ಕೆ ಪುಟ. ಜೂನ್‌ನಲ್ಲೇ ಮುಗಿಸಿದರೆ ಸೆಪ್ಟೆಂಬರ್ ಪರೀಕ್ಷೆಯ ಹೊತ್ತಿಗೆ ಚೇತರಿಸಿಕೊಳ್ಳುವ ಹಾದಿ ಇದೆ.

ಗುಮ್ಮಟದ ನೆರಳು · ಜೂನ್ 3, ಸಂಜೆ 5:30

ಈ ಅನಲಿಟಿಕ್ಸ್ ಗೆರಿ ಓದೂದು ನನಗ ಅಲ್ಲೇ ಕಲಿಸ್ಯಾನ. ದಿನಾ ಮುಂಜಾನೆ ನೋಡಾಕತ್ತೀನಿ. ನಿನ್ನೆ 212 ಮಂದಿ ಬಂದಿದ್ರು. ಮನ್ಯಾಗೂ ಹೇಳಿದೆ. ಬೈಸ್ಕೊಂಡೆ.

ಕರಿಕೋಟು · ಜೂನ್ 3, ರಾತ್ರಿ 8:40

ಹಳೆಯ ಒಂದು ಲಕ್ಷದ ಚೆಕ್ ವಾಪಸ್ ಕೊಟ್ಟಿರಾ? ಕೊಡುವ ಮೊದಲು ಎರಡೂ ಬದಿ ಫೋಟೋ ತೆಗೆದುಕೊಂಡು, "ಹಳೆಯ ಚೆಕ್ ಹಿಂದಿರುಗಿಸಲಾಗಿದೆ" ಎಂದು ಅದರ ಸಂಖ್ಯೆ ಸಮೇತ ಆ ಕಾಗದದಲ್ಲಿ ಬರೆದಿರಬೇಕು.

ನವನಗರದಾಂವ · ಜೂನ್ 3, ರಾತ್ರಿ 9:05

ಸಂಖ್ಯೆ ಬರದೀವ್ರಿ ಸಾಹೇಬ್ರ, ಫೋಟೋನೂ ತಗದೀನಿ. ಒಂದ ಮೂಲ್ಯಾಗ ಸ್ವಲ್ಪ ಮೊಸರು ಹತ್ತೈತಿ, ಸಹಿ ಮಾತ್ರ ಚೊಲೋ ಕಾಣ್ತೈತಿ.